ಗುಟುರಿಗೆ ಗುಟುರು

ಹರಿಹರಿ ಊರಿನ ಮರ್ವಿನ್‌ನ ತಲೆ ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅವನ ಮನೆಯವರು ಆರಿಸಿಕೊಂಡದ್ದು ಡಾಕ್ಟರ ಕೋಣೆಯನ್ನಲ್ಲ, ಕಾಹು ಕಣಿವೆಯನ್ನು. ಡಾಕ್ಟರಾದರೆ ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳುತ್ತಾರೆ. ಮರ್ವಿನ್‌ಗೆ ಆ ಲೆಕ್ಕ ಶಾಲೆಯಲ್ಲಿದ್ದಾಗಲೂ ಬಂದಿರಲಿಲ್ಲ. ವಾರ ಯಾವುದಾದರೇನು ಎಂಬ ಧೋರಣೆಯಂತೂ ಹುಟ್ಟಿನಿಂದಲೇ ಬಂದದ್ದು. ಅವನನ್ನು ಅಳೆಯುವುದಾದರೆ ಬೆಟ್ಟದಲ್ಲೇ ಅಳೆಯಬೇಕು ಎಂದು ಹೆಂಡತಿ ನೊಯ್ಲೀನ್ ಹೇಳಿದ್ದು ಸರಿಯಾಗಿಯೇ ಇತ್ತು.

ಅನುಮಾನ ಶುರುವಾದದ್ದು ಹಿಂದಿನ ವರ್ಷ. ಆ ಸೀಮೆಯಲ್ಲಿ ಬೇಸಿಗೆ ಕಳೆದು ಚಳಿ ಹತ್ತುತ್ತಿದ್ದಂತೆ ಗಂಡು ಜಿಂಕೆಗಳಿಗೆ ಮದ ಬರುತ್ತದೆ. ಹಗಲೂ ರಾತ್ರಿಯೂ ಗೂಳಿಗಳ ಹಾಗೆ ಗುಟುರು ಹಾಕುತ್ತವೆ. ಊರಿನ ಗಂಡಸರಿಗೂ ಅರ್ಧ ಹೆಂಗಸರಿಗೂ ಅದೇ ಹೊತ್ತಿಗೆ ತಲೆ ಕೆಟ್ಟು, ಕೋವಿ ಹೆಗಲಿಗೇರಿಸಿ ಬೆಟ್ಟ ಹತ್ತಿ, ತಾವೂ ಗುಟುರು ಹಾಕುತ್ತಾರೆ. ಎದುರಾಳಿ ಬಂದನೆಂದು ಸಿಟ್ಟಿಗೆದ್ದ ಜಿಂಕೆ ಹುಡುಕಿಕೊಂಡು ಬಂತೆಂದರೆ ಚಳಿಗಾಲದ ಮಾಂಸ ಮನೆಗೆ ಬಂದಂತೆ. ಹಾಗೆ ಹೋದ ಮರ್ವಿನ್ ಹಿಂದಿನ ವರ್ಷ ಬೆಟ್ಟದ ಒಂದು ಏಣಿನ ಬದಲು ಇನ್ನೊಂದರಲ್ಲಿ ಇಳಿದು, ಕಾರು ಎಲ್ಲೋ ಇರುವಾಗ ತಾನು ಯಾರದೋ ಡೇರಿಯ ಅಂಗಳದಲ್ಲಿ ಪ್ರತ್ಯಕ್ಷನಾಗಿದ್ದ. ಆಮೇಲೆ ಬೇಸಿಗೆಯಲ್ಲಿ ಒಲೆಯ ಗ್ಯಾಸ್ ಡಬ್ಬಿ ಮರೆತುಹೋಗಿ, ಹಸಿ ಓಟ್ಸನ್ನು ತಣ್ಣೀರಲ್ಲಿ ಕಲಸಿ ತಿಂದುಕೊಂಡು ಬಂದಿದ್ದ. ಇಡೀ ಜೀವಮಾನ ಸರಿಯಾದ ದಾರಿಯಲ್ಲೇ ಮನೆಗೆ ಬಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಮರ್ವಿನ್‌ನ ಮಾನ ಹೋದದ್ದು ಗ್ಯಾಸ್ ಡಬ್ಬಿಗೆ.

ತೀರ್ಮಾನ ಹೀಗಾಗಿತ್ತು: ಈ ಸಲ ಮಗಳು ಟ್ರೂಡಿ ಜೊತೆಗೆ ಹೋಗುವುದು. ಅವಳು ನೋಡಿ ಬಂದು ಅಪ್ಪ ಸರಿಯಿದ್ದಾನೆ ಅಂದರೆ ಸರಿ. ಇಲ್ಲ ಅಂದರೆ ಅವನ ಕೋವಿಗಳು ಹೊಕಿಟಿಕಾದಲ್ಲಿರುವ ನೊಯ್ಲೀನ್‌ನ ಅಣ್ಣ ಕೋಲಿನ್‌ನ ಮನೆಗೆ ಹೋಗುತ್ತವೆ, ಅವನು ಒಬ್ಬನೇ ಬೆಟ್ಟಕ್ಕೆ ಹೋಗುವುದು ಅಲ್ಲಿಗೆ ಮುಗಿಯಿತು. ಮರ್ವಿನ್‌ಗೆ ಮೈಯೆಲ್ಲ ಉರಿಯಿತು. ಕೋವಿಯ ಯಾವ ತುದಿಯಿಂದ ಗುಂಡು ಬರುತ್ತದೆಂದು ಕೋಲಿನ್‌ಗೆ ಗೊತ್ತಿದ್ದರೆ ತನ್ನ ಕಿವಿ ಕೊಯ್ದು ಕೊಡುತ್ತೇನೆ ಅಂದ. ಆದರೆ ಬೇಡ ಅನ್ನಲಿಲ್ಲ. ಬೇಡ ಅಂದರೆ ತಲೆ ಕೆಟ್ಟಿದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬಷ್ಟು ತಲೆ ಅವನಿಗಿತ್ತು.

ಟ್ರೂಡಿ ಹಾಲಿನ ಟ್ಯಾಂಕರ್ ಓಡಿಸುವವಳು. ಮಾತು ಕಡಿಮೆ, ಊಟ ಜೋರು, ಅಪ್ಪನ ಮೇಲೆ ಪ್ರಾಣ. ಚಿಕ್ಕಂದಿನಿಂದ ಅವನ ಹಿಂದೆಯೇ ಬೆಟ್ಟ ಸುತ್ತಿದವಳು, ಮಕ್ಕಳಾದ ಮೇಲೆ ಕೆಲವು ವರ್ಷ ಬಿಟ್ಟಿದ್ದಳು. ಹೊರಡುವ ಹಿಂದಿನ ದಿನ ಅಪ್ಪ ಅಡುಗೆಮನೆಯ ನೆಲದ ಮೇಲೆ ಸಾಮಾನು ಹರಡಿಕೊಂಡು ಕೂತಾಗ ಅವಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದಳು. ಮರ್ವಿನ್ ಬೇಕೆಂದೇ ಒಂದೊಂದನ್ನೂ ಗಟ್ಟಿಯಾಗಿ ಹೆಸರು ಹೇಳಿ ಚೀಲಕ್ಕೆ ಹಾಕಿದ. ಮಲಗುವ ಚೀಲ ತಳದಲ್ಲಿ, ಭಾರದ್ದು ಬೆನ್ನಿಗೆ ಒತ್ತಿ, ಮಳೆಕೋಟು ಎಲ್ಲಕ್ಕಿಂತ ಮೇಲೆ, ಬೆಂಕಿಪೊಟ್ಟಣ ಮೂರು ಕಡೆ. ಗ್ಯಾಸ್ ಡಬ್ಬಿಯನ್ನು ಎತ್ತಿ ತೋರಿಸಿ, ಮಂತ್ರಿಗೆ ಸಲಾಮು ಹೊಡೆದಂತೆ ಮಗಳಿಗೆ ಸಲಾಮು ಹೊಡೆದು ಒಳಗಿಟ್ಟ. ಇಬ್ಬರೂ ನಕ್ಕರು, ಆದರೆ ಆ ನಗು ಮೊದಲಿನದಾಗಿರಲಿಲ್ಲ.

ಎದೆಗೆ ಕಟ್ಟಿಕೊಳ್ಳುವ ದುರ್ಬೀನಿನ ಚೀಲವೊಂದನ್ನು ಜನವರಿಯ ಹುಟ್ಟುಹಬ್ಬಕ್ಕೆ ಟ್ರೂಡಿಯೇ ಕೊಟ್ಟಿದ್ದಳು. ಮುಚ್ಚಳ ತಾನಾಗಿಯೇ ಟಪ್ಪೆಂದು ಮುಚ್ಚಿಕೊಳ್ಳುವ ಹೊಸ ನಮೂನೆಯದು. ಮರ್ವಿನ್‌ಗೆ ಹೊಸದೆಂದರೆ ಆಗದು. ಆದರೂ ಮಗಳು ಕೊಟ್ಟಿದ್ದಾಳೆಂದು ಕೊಂಡಾಡಿ, ದಿಕ್ಸೂಚಿಯನ್ನೂ ಅದರ ಪಕ್ಕದ ಜೇಬಿಗೆ ಸೇರಿಸಿ, ಚೀಲವನ್ನು ಮೊಳೆಗೆ ನೇತುಹಾಕಿದ್ದ. ಅಂದಿನಿಂದ ಅಲ್ಲೇ ಇದ್ದ ಅದನ್ನು ಈಗ ಮೊಳೆಯಿಂದ ಇಳಿಸಿದ.

ಹೊಳೆಯನ್ನು ಸೊಂಟದವರೆಗಿನ ನೀರಲ್ಲಿ ಮತ್ತೆ ಮತ್ತೆ ದಾಟುತ್ತ ಗುಡಿಸಲು ಮುಟ್ಟುವ ಹೊತ್ತಿಗೆ ಸಂಜೆಯಾಯಿತು. ತಗಡಿನ ಗೋಡೆ, ಎರಡು ಮಂಚ, ಒಂದು ಒಲೆ, ಮೂಲೆಯಲ್ಲಿ ಯಾರೋ ಬಿಟ್ಟುಹೋದ ಚಾಪುಡಿ. ಮರ್ವಿನ್ ಒದ್ದೆ ಸೌದೆಯ ತೊಗಟೆ ಕೆತ್ತಿ, ಒಳಗಿನ ಒಣ ತಿರುಳನ್ನು ಸೀಳಿ ಒಂದೇ ಕಡ್ಡಿಗೆ ಬೆಂಕಿ ಹೊತ್ತಿಸಿದ. ತಂತಿಯನ್ನು ಮರದಿಂದ ಮರಕ್ಕೆ ಎಳೆದು ರೇಡಿಯೋ ಹಚ್ಚಿದ. ಆ ಕಣಿವೆಗಳಲ್ಲಿ ಇರುವವರಿಗೆಲ್ಲ ದಿನಾ ಸಂಜೆ ಹವಾಮಾನ ಓದಿ ಹೇಳಿ, ಒಂದೊಂದೇ ಗುಡಿಸಲನ್ನು ಕರೆದು ಕ್ಷೇಮ ಕೇಳುವುದು ನೊಯ್ಲೀನ್‌ನ ಕೆಲಸ, ಸಂಬಳವಿಲ್ಲದ್ದು. ಅಡುಗೆಮನೆಯ ಮೂಲೆಯಿಂದಲೇ ಅವಳು ಅದನ್ನು ನಡೆಸುತ್ತಿದ್ದಳು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳುವ ರೇಡಿಯೋ ಅದು. ಹಾಗಾಗಿ ಗಂಡನನ್ನೂ ಅವಳು "ಕಾಹು ಗುಡಿಸಲು" ಎಂದೇ ಕರೆದು, ಎಲ್ಲ ಕ್ಷೇಮವೇ ಎಂದು ಕೇಳಿ, ಕ್ಷೇಮ ಎಂದಮೇಲೆ ಮುಂದಿನ ಕಣಿವೆಗೆ ಹೋದಳು. ಆ ಪ್ರಶ್ನೆ ಯಾರ ಬಗ್ಗೆ, ಯಾರಿಗೆ ಎಂದು ಮೂವರಿಗೂ ಗೊತ್ತಿತ್ತು.

ಬೆಳಿಗ್ಗೆ ಓಟ್ಸ್ ಗಂಜಿ ಕುಡಿಯುತ್ತ ನೆಲ ಹಂಚಿಕೊಂಡರು. ಗುಟುರಿನ ಕಾಲದಲ್ಲಿ ಇಬ್ಬರು ಒಂದೇ ಕಣಿವೆಗೆ ಹೋದರೆ ನೀರನ್ನೇ ಗಡಿ ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ತೊರೆಯ ಈ ಪಕ್ಕ ನಿನ್ನದು, ಆ ಪಕ್ಕ ನನ್ನದು. ಜಿಂಕೆ ದಾಟಿ ಹೋದರೂ ನೀನು ದಾಟಬಾರದು. ಮನುಷ್ಯನ ಗುಟುರು ಮನುಷ್ಯನಿಗೇ ಜಿಂಕೆಯದಾಗಿ ಕೇಳುವ ಕಾಲ ಅದು. ಇಬ್ಬರು ಒಬ್ಬರನ್ನೊಬ್ಬರು ಕರೆಯುತ್ತ, ಒಬ್ಬರ ಕಡೆಗೊಬ್ಬರು ತೆವಳುತ್ತ ಬಂದರೆ ಮುಂದಿನದು ಹೇಳಬೇಕಾಗಿಲ್ಲ. ಅದಕ್ಕೇ ಆ ನೀರಿನ ಗೆರೆ. ತೊರೆ ಮೂಡಣದ ನೆತ್ತಿಯಿಂದ ಪಡುವಣಕ್ಕೆ, ಗುಡಿಸಲಿನ ಕಡೆಗೆ ಹರಿಯುತ್ತಿತ್ತು. ದಕ್ಷಿಣದ ಪಕ್ಕ ಮರ್ವಿನ್‌ಗೆ, ಉತ್ತರದ ಪಕ್ಕ ಟ್ರೂಡಿಗೆ ಎಂದಾಯಿತು.

ಕೋವಿಯ ನಳಿಗೆ ಖಾಲಿ ಇಟ್ಟುಕೊಂಡು ನಡೆ, ಪೂರ್ತಿ ಜಿಂಕೆ ಕಂಡ ಮೇಲೆ ತೋಟಾ ಏರಿಸು, ಏರಿಸಿ ಇನ್ನೊಂದು ಸಲ ನೋಡು ಎಂದು ಮರ್ವಿನ್ ಬುದ್ಧಿ ಹೇಳಿದ.

ಟ್ರೂಡಿ ಚಮಚ ನೆಕ್ಕುತ್ತ, "ಇವತ್ತು ಬೆಳಿಗ್ಗೆನೇ ಇದು ಎರಡನೇ ಸಲ ಅಪ್ಪಾ," ಅಂದಳು.

ತಮಾಷೆಗೇ ಅಂದದ್ದು. ಆದರೆ ಮೊದಲನೇ ಸಲ ಯಾವಾಗ ಹೇಳಿದೆನೆಂದು ಮರ್ವಿನ್ ಹುಡುಕಿದ, ಸಿಗಲಿಲ್ಲ. ಎದ್ದಾಗಲೋ? ಷೂ ಹಾಕುವಾಗಲೋ? ಹೇಳಿಯೇ ಇಲ್ಲವೋ, ಇವಳು ಪರೀಕ್ಷೆಗೆಂದು ಅಂದಳೋ? ಕೇಳೋಣ ಎಂದರೆ ಕೇಳಿದ್ದೇ ಸಾಕ್ಷಿಯಾಗುತ್ತದೆ.

ಅವನು ತನ್ನ ಪಕ್ಕದ ಕಾಡಿನಲ್ಲಿ ಹತ್ತಿ, ಮರಗಳ ಎಲ್ಲೆ ದಾಟಿ, ಹುಲ್ಲು ಮಾತ್ರ ಬೆಳೆಯುವ ಬೋಳು ನೆತ್ತಿಗೆ ಬಂದ. ತೊರೆ ಹುಟ್ಟುವುದು ಅಲ್ಲೇ, ಬಾಣಲೆಯಂಥ ಒಂದು ತಗ್ಗಿನಲ್ಲಿ. ಅಲ್ಲಿ ನೀರು ಕಾಣುವುದಿಲ್ಲ. ಕಲ್ಲುಗಳ ಅಡಿಯಲ್ಲಿ ಎಲ್ಲೋ ಜಿನುಗುತ್ತಿರುತ್ತದೆ. ದುರ್ಬೀನಿನಲ್ಲಿ ಇಳಿಜಾರುಗಳನ್ನು ನೋಡುತ್ತ ಕೂತಿದ್ದಾಗ ಮೋಡ ಇಳಿಯಿತು. ಮೊದಲು ಎದುರಿನ ಶಿಖರ ಹೋಯಿತು, ಆಮೇಲೆ ಬಾಣಲೆ, ಆಮೇಲೆ ತನ್ನದೇ ಷೂಗಳ ಆಚೆಗಿನದೆಲ್ಲ. ತುಂತುರು ಶುರುವಾಯಿತು. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಹಾಕುವ ಕಿತ್ತಳೆ ಅಂಗಿಯ ಮೇಲೆ ಕಂದು ಮಳೆಕೋಟು ಏರಿಸಿಕೊಂಡ. ಹತ್ತಿರದಲ್ಲೇ ಗುಟುರೊಂದು ಕೇಳಿ, ಅದರ ಹಿಂದೆ ಒಂದಿಷ್ಟು ಹೋದ, ನಿಂತ, ಮತ್ತೊಂದು ಕಡೆಯಿಂದ ಕೇಳಿ ಆ ಕಡೆ ತಿರುಗಿದ. ಹಾಗೆ ತಿರುಗಿ ತಿರುಗಿ, ಇನ್ನು ಕೆಳಗೆ ಇಳಿಯೋಣವೆಂದು ನಿಂತ.

ಅವನ ತಲೆ, ಎಡಕ್ಕೆ ಹೋಗು ಅಂದಿತು. ಅನುಮಾನವಿಲ್ಲದೆ ಅಂದಿತು. ದಕ್ಷಿಣ ಆ ಕಡೆಗಿದೆ, ನಿನ್ನ ಕಾಡು ಅಲ್ಲಿದೆ.

ಸುಮ್ಮನೆ ಖಾತರಿಗೆಂದು ದಿಕ್ಸೂಚಿ ತೆಗೆದ. ದಕ್ಷಿಣ ಬಲಕ್ಕಿದೆ ಎಂದು ಅದು ಹೇಳಿತು.

ಮರ್ವಿನ್‌ಗೆ ಮೊದಲು ನಗು ಬಂತು. ಬೆರಳಿಂದ ತಟ್ಟಿದ. ಒಂದು ಸುತ್ತು ತಿರುಗಿ ಮತ್ತೆ ನೋಡಿದ. ಮುಳ್ಳು ಒಂದಿಷ್ಟು ಅಲುಗಾಡಿ ಅಲ್ಲೇ ನಿಂತಿತು, ಒಂದಿಷ್ಟೂ ನಾಚಿಕೆಯಿಲ್ಲದೆ. ತಲೆ ಹೇಳುವುದಕ್ಕೂ ಮುಳ್ಳು ಹೇಳುವುದಕ್ಕೂ ಸ್ವಲ್ಪ ವ್ಯತ್ಯಾಸವಾಗಿದ್ದರೆ ಸರಿ. ಇದು ಪೂರಾ ತದ್ವಿರುದ್ಧ. "ತಲೆ ಸುಳ್ಳು ಹೇಳುತ್ತೆ, ಮುಳ್ಳು ಹೇಳಲ್ಲ" ಎಂದು ಎಷ್ಟೋ ಹೊಸಬರಿಗೆ ಪಾಠ ಹೇಳಿಕೊಟ್ಟವನು ಅವನೇ. ಹಾಗೆ ಹೇಳಿಕೊಟ್ಟಾಗ ಸುಳ್ಳು ಹೇಳುವ ತಲೆ ಯಾವಾಗಲೂ ಬೇರೆಯವರದಾಗಿತ್ತು.

ಎರಡು ವರ್ಷದ ಹಿಂದೆ ಆಗಿದ್ದರೆ ಅವನು ಒಂದು ಕಲ್ಲಿನ ಮೇಲೆ ಕೂತು, ಚಾ ಕಾಯಿಸಿ ಕುಡಿದು, ಮಂಜು ಹರಿಯುವವರೆಗೆ ಕಾಯುತ್ತಿದ್ದ. ಈಗ ಕಾಯುವ ಧೈರ್ಯ ಇರಲಿಲ್ಲ. ಹೊತ್ತು ಮೀರಿ ಗುಡಿಸಲಿಗೆ ಬಂದರೆ ಅದೂ ಟ್ರೂಡಿಯ ಲೆಕ್ಕಕ್ಕೆ ಸೇರುತ್ತದೆ. ಹಾಗಾದರೆ ಇವರು ಹೇಳಿದ್ದೇ ನಿಜ, ನನ್ನ ತಲೆ ಹೋಗಿದೆ ಅಂದುಕೊಂಡ. ಹೆಂಡತಿ ಅಂದದ್ದಕ್ಕೆ ಸಿಟ್ಟು ಮಾಡಬಹುದು, ಮಗಳು ಅಂದದ್ದನ್ನು ನಗೆಯಲ್ಲಿ ಹಾರಿಸಬಹುದು. ಮುಳ್ಳಿನ ಜೊತೆ ಯಾರು ವಾದ ಮಾಡುತ್ತಾರೆ? ತನ್ನ ತಲೆಯ ಮಾತನ್ನು ಮೀರಿ, ಕಾಲನ್ನು ಬಲವಂತವಾಗಿ ಬಲಕ್ಕೆ ಹಾಕಿದ.

ಇಳಿದಂತೆ ಮರಗಳು ಬಂದವು. ಬರಬೇಕಾದ ಜಾಗದಲ್ಲಿ ಬಂದವು, ಆದರೆ ಬೇರೆ ಮರಗಳು. ಬೆಳಿಗ್ಗೆ ಹತ್ತುವಾಗ ಸಿಕ್ಕಿದ್ದ ಬಿದ್ದ ಮರ ಸಿಗಲಿಲ್ಲ. ಸಿಕ್ಕಿರದ ಬಂಡೆಯೊಂದು ಸಿಕ್ಕಿತು. ಹೋಗಲಿ, ಸ್ವಲ್ಪ ಪಕ್ಕದಲ್ಲಿ ಇಳಿದಿರಬೇಕು ಎಂದು ಸಮಾಧಾನ ಹೇಳಿಕೊಂಡ. ಆಮೇಲೆ ನೀರಿನ ಸದ್ದು ಕೇಳಿತು, ಎಡಗಡೆಯಿಂದ. ತನ್ನ ಪಕ್ಕದಲ್ಲಿ ಇಳಿಯುವವನಿಗೆ ತೊರೆ ಬಲಗಡೆ ಇರಬೇಕು. ನಿಂತ. ಟೋಪಿ ತೆಗೆದು ಎರಡೂ ಕಿವಿಯಿಂದ ಕೇಳಿದ. ಎಡವೇ. ಎಡ ಯಾವುದು, ಬಲ ಯಾವುದು ಎಂದು ಕೈ ನೋಡಿಕೊಂಡ. ಕೋವಿ ಹಿಡಿದದ್ದು ಬಲಗೈ. ಮಂಜಿನಲ್ಲಿ ಸದ್ದು ತಿರುಗಿ ಬರುತ್ತದೆ ಎಂದು ಹೇಳುತ್ತಾರೆ. ಯಾರು ಹೇಳುತ್ತಾರೆ? ಅದೂ ನೆನಪಾಗಲಿಲ್ಲ. ಅಳುವಂತಾಯಿತು. ಅರವತ್ತು ದಾಟಿದ ಗಂಡಸು, ಕಾಡಿನ ನಡುವೆ ಟೋಪಿ ಕೈಯಲ್ಲಿ ಹಿಡಿದುಕೊಂಡು, ಎಡಬಲ ಗೊತ್ತಾಗದೆ ನಿಂತಿದ್ದಾನೆ ಎಂದು ತನ್ನನ್ನೇ ದೂರದಿಂದ ನೋಡಿದ.

ಆಗಲೇ ಕೆಳಗಿನಿಂದ ಗುಟುರು ಕೇಳಿದ್ದು.

ಗುಟುರು ಕೇಳಿದರೆ ಅವನ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ನೊಯ್ಲೀನ್‌ನ ಕಸ ಹೀರುವ ಯಂತ್ರದಿಂದ ಕೊಯ್ದ ಕೊಳವೆಯ ತುಂಡನ್ನು ಬಾಯಿಗಿಟ್ಟು ಉತ್ತರ ಕೊಟ್ಟ. ಅತ್ತಲಿಂದ ಮರುಉತ್ತರ ಬಂತು: ಉದ್ದಕ್ಕೆ ಒಂದು, ಕೊನೆಯಲ್ಲಿ ಎರಡು ಗಿಡ್ಡ ಕೆಮ್ಮು. ಎಳೆಯ ಗಂಡು, ಜಂಭ ಜಾಸ್ತಿ ಅಂದುಕೊಂಡ. ಮತ್ತೆ ಕರೆದ. ಮತ್ತೆ ಅದೇ ಎರಡು ಕೆಮ್ಮು, ಈ ಸಲ ಹತ್ತಿರದಿಂದ. ಈ ದನಿ ತನಗೆ ಗೊತ್ತಿದೆ ಅನ್ನಿಸಿತು. ಎಲ್ಲಿ ಕೇಳಿದ್ದೆ? ಹೋದ ವರ್ಷವೇ? ಹೋದ ವರ್ಷದ ಜಿಂಕೆ ಮನೆಯ ಫ್ರೀಜರಿನಲ್ಲಿ ಮುಗಿದುಹೋಗಿದೆ. ನಾಲಿಗೆಯ ತುದಿಯಲ್ಲಿರುವ ಹೆಸರಿನ ಹಾಗೆ ಅದು ಬಂದು ಬಂದು ಜಾರಿತು.

ಗಾಳಿ ಮುಖಕ್ಕಿತ್ತು. ಬಗ್ಗಿ, ಜರಿಗಿಡಗಳ ನಡುವೆ ಒಂದೊಂದೇ ಹೆಜ್ಜೆ ಇಟ್ಟ. ಅತ್ತಲಿಂದಲೂ ಕಡ್ಡಿ ಮುರಿದ ಸದ್ದು ಬಂತು. ಎರಡೂ ಕಡೆಯವರು ಕರೆಯುವುದನ್ನು ನಿಲ್ಲಿಸಿದರು. ಜರಿಗಿಡದ ಸಂದಿಯಲ್ಲಿ ಕಂದು ಬಣ್ಣ ಅಲುಗಾಡಿತು. ಅದರ ಮೇಲೆ ಕೊಂಬೆಯೋ ಕೊಂಬೋ ಒಂದು ಕವಲು. ಮರ್ವಿನ್ ತೋಟಾ ಏರಿಸಿ ಕೋವಿ ಎತ್ತಿದ. ಕೋವಿಯ ಮೇಲಿನ ದುರ್ಬೀನಿನೊಳಗೆ ಒದ್ದೆ ಕಂದು, ಭುಜದ ಹಾಗೆ ಇಳಿಜಾರು. ಇದು ತನ್ನ ಪಕ್ಕ. ಇಲ್ಲಿ ಮನುಷ್ಯರಿಲ್ಲ, ಇರಲು ಸಾಧ್ಯವೇ ಇಲ್ಲ. ಪದ್ಧತಿ ಹಾಗೆ ಹೇಳುತ್ತದೆ, ದಿಕ್ಸೂಚಿ ಹಾಗೆ ಹೇಳುತ್ತದೆ. ಬೆರಳು ಟ್ರಿಗರಿನ ಮೇಲೆ ಹೋಯಿತು.

ಆದರೆ ಇದು ತನ್ನ ಪಕ್ಕವೆಂದು ಹೇಳಲು ತಾನು ಯಾರು? ನೀರು ತಪ್ಪು ಕಡೆಯಲ್ಲಿದೆ. ಮರಗಳು ಬೇರೆ. ಗೊತ್ತಿರುವ ದನಿಯ ಹೆಸರು ಬರುತ್ತಿಲ್ಲ. ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕೆ ನೆನಪಿಲ್ಲದವನು ಯಾವ ಧೈರ್ಯದ ಮೇಲೆ ಗುಂಡು ಬಿಡುತ್ತಾನೆ? ಬೇಡ, ನನ್ನಿಂದ ಆಗದು ಅಂದುಕೊಂಡ. ಕೋವಿ ಇಳಿಸಿ, ಬೋಲ್ಟ್ ಹಿಂದಕ್ಕೆಳೆದು ತೋಟಾವನ್ನು ಕೈಗೆ ತೆಗೆದುಕೊಂಡು, ಸೋತವನ ಹಾಗೆ ಮೊಣಕಾಲಿನ ಮೇಲೆ ಕೂತ.

ಆಗ ಎದುರಿನಿಂದ ಒಂದು ಸಣ್ಣ ಸದ್ದು ಬಂತು. ಟಕ್.

ಆ ಸದ್ದು ಯಾವುದೆಂದು ಮರ್ವಿನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೋಟಾ ಇಲ್ಲದ ಕೋವಿಯ ಟ್ರಿಗರ್ ಎಳೆದಾಗ ಬರುವ ಸದ್ದು. ಅದರ ಹಿಂದೆಯೇ ಆ ಎರಡು ಕೆಮ್ಮು ಯಾರದೆಂದು ಹೊಳೆಯಿತು. ಅವನದೇ. ಅಡುಗೆಮನೆಯ ಮೇಜಿನ ಮೇಲೆ ಕೂರಿಸಿಕೊಂಡು ಪುಟ್ಟ ಹುಡುಗಿಗೆ ಅವನು ಕಲಿಸಿದ್ದು, ನೊಯ್ಲೀನ್ ಬೈಯುತ್ತಿದ್ದರೂ ಬಿಡದೆ.

"ಟ್ರೂಡಿ," ಎಂದು ಕರೆದ. "ನಾನಮ್ಮಾ. ಅಪ್ಪ."

ಆಮೇಲೆ ಜರಿಗಿಡ ಸರಿಸಿಕೊಂಡು ಟ್ರೂಡಿ ಬಂದಳು, ಅವಳೂ ಮಳೆಗೆಂದು ಕಂದು ಕೋಟು ಹಾಕಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೈಗಳ ದನಿ.

"ನೀನು ಇಲ್ಲಿ ಯಾಕಿದೀಯಾ? ಇದು ನನ್ನ ಪಕ್ಕ."

"ಇಲ್ಲ ಕಣೇ, ನಂದು," ಎಂದು ಮರ್ವಿನ್ ದಿಕ್ಸೂಚಿಯನ್ನು ಮುಂದೆ ಚಾಚಿದ, ಶಾಲೆಯ ಹುಡುಗ ಸ್ಲೇಟು ತೋರಿಸಿದಂತೆ.

ಟ್ರೂಡಿ ತನ್ನದನ್ನು ತೆಗೆದಳು. ಬಿದ್ದ ದಿಮ್ಮಿಯೊಂದರ ಮೇಲೆ ಎರಡನ್ನೂ ಒಂದಿಷ್ಟು ದೂರದಲ್ಲಿಟ್ಟು ನೋಡಿದರು. ಎರಡು ಮುಳ್ಳುಗಳೂ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಯಾವುದು ಸರಿ ಎಂದು ಹೇಳಲು ಮೂರನೆಯದಿರಲಿಲ್ಲ, ಸೂರ್ಯ ಇರಲಿಲ್ಲ. ಸದ್ದಿನ ಜಾಡು ಹಿಡಿದು ತೊರೆಗೇ ಇಳಿದು, ಅದು ಹರಿಯುವ ದಿಕ್ಕು ನೋಡಿದ ಮೇಲೆ ತೀರ್ಮಾನವಾಯಿತು. ಅದು ಟ್ರೂಡಿಯ ಪಕ್ಕವೇ. ಟಕ್ ಎಂಬ ಸದ್ದಿನ ಸುದ್ದಿಯನ್ನು ಅವಳೂ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಗುಡಿಸಲಿನಲ್ಲಿ ಗಂಟು ಬಿಚ್ಚಿತು. ಮರ್ವಿನ್ ಒದ್ದೆ ಎದೆಚೀಲ ಕಳಚಿ ಮೇಜಿನ ಮೇಲೆ, ಟ್ರೂಡಿಯ ದಿಕ್ಸೂಚಿಯ ಪಕ್ಕ ಎಸೆದ. ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. ದಿಕ್ಸೂಚಿಯ ಮುಳ್ಳು ಚೇಳು ಕಡಿದಂತೆ ಗಿರ್ರನೆ ತಿರುಗಿ ಚೀಲದ ಕಡೆ ನೋಡಿತು. ಟ್ರೂಡಿ ಚೀಲವನ್ನು ಎತ್ತಿ ದೂರ ಹಿಡಿದಳು, ಮುಳ್ಳು ವಾಪಸು ಬಂತು. ಹತ್ತಿರ ತಂದಳು, ಹೋಯಿತು. ಮುಚ್ಚಳದ ಬಟ್ಟೆಯನ್ನು ಚಾಕುವಿನಿಂದ ಸೀಳಿದಾಗ ಬೆರಳುಗುರಿನಷ್ಟು ದೊಡ್ಡ ಅಯಸ್ಕಾಂತಗಳು ಕೈಗೆ ಬಂದವು. ಜನವರಿಯಿಂದ ಅವುಗಳ ಮಗ್ಗುಲಲ್ಲೇ ಮಲಗಿದ್ದ ಮರ್ವಿನ್‌ನ ದಿಕ್ಸೂಚಿಯಲ್ಲಿ ಉತ್ತರ ದಕ್ಷಿಣ ಅದಲುಬದಲಾಗಿದ್ದವು.

"ನಿನ್ನ ತಲೆ ಸರಿಯಿತ್ತು," ಅಂದಳು ಟ್ರೂಡಿ. "ನಿನ್ನ ತಲೆ ಹೇಳಿದ ಕಡೆ ಹೋಗಿದ್ರೆ ಸರಿಯಾಗೇ ಹೋಗ್ತಿದ್ದೆ. ನಾನು ಕೊಟ್ಟ ಹಾಳು ಚೀಲ ಅಪ್ಪಾ ಇದು."

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಮಂಚದ ಮೇಲೆ ಕೂತು, ಕೈಯನ್ನು ತೊಡೆಗಳ ನಡುವೆ ಇಟ್ಟುಕೊಂಡು, ಉಳಿದದ್ದನ್ನೂ ಹೇಳಿದಳು. ಕೋಟಿನ ಭುಜ ಕಂಡಿತಂತೆ, ಮೇಲೆ ಕೊಂಬು ಕಂಡಿತಂತೆ. ಕೊಂಬು ಕಂಡದ್ದು ನಿಜ ಅಂದಳು, ಈಗ ಕಣ್ಣು ಮುಚ್ಚಿದರೂ ಕಾಣುತ್ತಿದೆ ಅಂದಳು. ಅಪ್ಪ ತೊರೆಯ ಆ ಪಕ್ಕದಲ್ಲಿದ್ದಾನೆ. ಅಪ್ಪ ಇರುತ್ತೇನೆ ಅಂದ ಕಡೆ ಇರದೇ ಇದ್ದದ್ದು ಉಂಟೇ ಎಂದು ಎರಡನೇ ಸಲ ನೋಡಲೇ ಇಲ್ಲವಂತೆ. ಅವಳನ್ನು ಕಳಿಸಿದ್ದೇ ಅಪ್ಪನ ಮೇಲೆ ಅನುಮಾನ ಪಡಲು. ಆ ಒಂದು ಗಳಿಗೆ ಅನುಮಾನ ಪಡುವುದನ್ನೇ ಮರೆತಿದ್ದಳು.

"ಎಳೆದುಬಿಟ್ಟೆ," ಅಂದಳು. "ತೋಟಾ ಏರಿಸಿದೀನಿ ಅಂತಾನೇ ಎಳೆದೆ. ಏರಿಸೋದು ಮರೆತಿದ್ದೆ."

ಮರ್ವಿನ್ ಸೀಳಿದ ಚೀಲವನ್ನು ಎತ್ತಿ ಬದಿಗಿಟ್ಟ. ತನ್ನ ತಲೆ ಸರಿಯಿದೆ ಎಂದು ಸಂತೋಷ ಪಡಬೇಕು. ಆದರೆ ಆ ತಲೆಯನ್ನು ನಂಬಿ ಸರಿಯಾಗಿ ಇಳಿದಿದ್ದರೆ ಇದೇನೂ ಆಗುತ್ತಿರಲಿಲ್ಲ. ಅಲ್ಲಿ ಜರಿಗಿಡದ ಸಂದಿಯಲ್ಲಿ ಅದನ್ನು ನಂಬಿದ್ದರೆ ಮಗಳನ್ನು ಕೊಂದಿರುತ್ತಿದ್ದ. ನಂಬಿದರೆ ಒಳ್ಳೆಯದೋ ನಂಬದಿದ್ದರೆ ಒಳ್ಳೆಯದೋ? ತಾನೂ ಕೋವಿ ಎತ್ತಿದ್ದನ್ನು ಅವಳಿಗೆ ಹೇಳಿದ. ಹೇಳಿದರೆ ಹಗುರವಾದೀತು ಎಂದು ಹೇಳಿದ, ಆದರೆ ಅವಳು ಇನ್ನಷ್ಟು ಅತ್ತಳು.

ಅಮ್ಮನಿಗೆ ಇವತ್ತೇ ಎಲ್ಲ ಹೇಳುತ್ತೇನೆ ಎಂದು ಟ್ರೂಡಿ ಹಟ ಹಿಡಿದಳು. ಅಪ್ಪ ದಾರಿ ತಪ್ಪಲಿಲ್ಲ, ತಪ್ಪಿದ್ದು ಮುಳ್ಳು, ಅವನ ಕೋವಿ ಅವನ ಹತ್ತಿರವೇ ಇರಲಿ ಎಂದು ಹೇಳುತ್ತೇನೆ.

"ಗ್ಯಾಸ್ ಡಬ್ಬಿ ಮರೆಸಿದ್ದೂ ಅಯಸ್ಕಾಂತಾನಾ?" ಎಂದು ಮರ್ವಿನ್ ಕೇಳಿದ. ಟ್ರೂಡಿ ನಗಲಿಲ್ಲ. ನಗಲಿ ಎಂದೇ ಕೇಳಿದ್ದನೋ, ನಿಜವಾಗಿಯೇ ಕೇಳಿದ್ದನೋ ಅವನಿಗೂ ಗೊತ್ತಿರಲಿಲ್ಲ.

ಮುಳ್ಳಿನ ಕಥೆ ಹೇಳಿದರೆ ಅದು ಮುಳ್ಳಿಗೇ ನಿಲ್ಲುವುದಿಲ್ಲ ಎಂಬುದಂತೂ ಅವನಿಗೆ ಗೊತ್ತಿತ್ತು. ತಪ್ಪು ಪಕ್ಕಕ್ಕೆ ಹೋದೆ ಅಂದರೆ ಅಲ್ಲಿ ಏನಾಯಿತು ಎಂದು ನೊಯ್ಲೀನ್ ಕೇಳುತ್ತಾಳೆ. ಕಣಿವೆ ಕಣಿವೆಯಲ್ಲೂ ಒಲೆಯ ಮುಂದೆ ಕೂತವರು ಕಿವಿ ನಿಮಿರಿಸುತ್ತಾರೆ. ಗುಂಡು ಹಾರದಿದ್ದರೇನು, ಅಪ್ಪನ ಮೇಲೆ ಟ್ರಿಗರ್ ಎಳೆದವಳು ಎಂಬುದು ಆ ಊರಿನಲ್ಲಿ ಅವಳ ಮಕ್ಕಳ ಕಾಲಕ್ಕೂ ಅಳಿಯುವ ಹೆಸರಲ್ಲ. ಮನೆಗೆ ಹೋಗಿ ಹೇಳಿದರಾಯಿತು ಅಂದ. ಇವತ್ತು ಕೇಳುತ್ತಾಳಲ್ಲ, ಕೇಳಿದರೆ ಸುಳ್ಳು ಹೇಳಲಾ ಎಂದು ಟ್ರೂಡಿ ರೇಡಿಯೋ ಮುಂದೆ ಕೂತಳು.

ಹೊತ್ತಿಗೆ ಸರಿಯಾಗಿ ನೊಯ್ಲೀನ್‌ನ ದನಿ ಬಂತು. ಗಾಳಿ, ಮಳೆ, ಹೊಳೆ ಏರುವ ಸೂಚನೆ ಎಲ್ಲ ಓದಿದಳು. ಆಮೇಲೆ ಕರೆದಳು.

"ಕಾಹು ಗುಡಿಸಲು, ಎಲ್ಲ ಕ್ಷೇಮಾನಾ?"

ಟ್ರೂಡಿ ಮೈಕಿನ ಗುಂಡಿ ಒತ್ತಿದಳು. ಒತ್ತಿಕೊಂಡೇ ಇದ್ದಳು. ಮಾತು ಹೊರಡಲಿಲ್ಲ, ಬಿಕ್ಕಿನಂಥ ಉಸಿರು ಮಾತ್ರ ಹೋಯಿತು, ಅದು ಎಲ್ಲ ಗುಡಿಸಲುಗಳಿಗೂ ಹೋಯಿತು. ಗುಂಡಿ ಬಿಟ್ಟಾಗ ನೊಯ್ಲೀನ್‌ನ ದನಿ ಬದಲಾಗಿತ್ತು.

"ಟ್ರೂಡಿ? ಏನಾಯ್ತು ಕಂದಾ? ಅಪ್ಪ ಎಲ್ಲಿ?"

ಮರ್ವಿನ್ ಮಗಳ ಕೈಯಿಂದ ಮೈಕನ್ನು ಬಿಡಿಸಿಕೊಂಡ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಇಲ್ಲೇ ಇದೀನಿ ನೊಯ್ಲೀನ್. ಮಂಜಲ್ಲಿ ನಂಗೆ ದಾರಿ ತಪ್ಪಿತು. ಎಡ ಯಾವುದು ಬಲ ಯಾವುದು ಗೊತ್ತಾಗ್ಲಿಲ್ಲ. ಟ್ರೂಡಿ ಹುಡುಕ್ಕೊಂಡು ಬಂದ್ಲು. ಹುಡುಗಿ ಸ್ವಲ್ಪ ಹೆದರಿದಾಳೆ, ಅಷ್ಟೇ."

ಯಾವ ಕಣಿವೆಯಿಂದಲೂ ಯಾರೂ ಬಾಯಿ ಹಾಕಲಿಲ್ಲ. ನೊಯ್ಲೀನ್ ಮಾತಾಡಿದಾಗ ಅದು ಗುಡಿಸಲುಗಳಿಗೆ ಹವಾಮಾನ ಓದುವ ದನಿಯಾಗಿರಲಿಲ್ಲ.

"ಹಾಗಾದ್ರೆ ಕೋಲಿನ್ ಅಣ್ಣನಿಗೆ ಹೇಳ್ಲಾ ಮರ್ವಿನ್?"

ಟ್ರೂಡಿ ಅವನ ತೋಳು ಹಿಡಿದು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವನು ಇನ್ನೊಂದು ಕೈಯನ್ನು ಅವಳ ಒದ್ದೆ ತಲೆಯ ಮೇಲಿಟ್ಟು, ಗುಂಡಿ ಒತ್ತಿದ.

"ಹೇಳು."

ನೊಯ್ಲೀನ್ ಸರಿ ಅಂದಳು. ಒಂದು ಸಲ ಗಂಟಲು ಸರಿಮಾಡಿಕೊಂಡು, ಮುಂದಿನ ಗುಡಿಸಲನ್ನು ಕರೆದಳು.